ಮೆಣಸು ಹೋದ ದಾರಿಯಲ್ಲಿ ಬಾವಿ ಕಾಯ್ದವರು

ಹೋದ ತಿಂಗಳು ನಮ್ಮ ತಾಲ್ಲೂಕಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಜಾಹೀರಾತು ಬಂತು. ಈಜಿಪ್ಟ್‌ಗೆ ಗುಂಪು ಪ್ರವಾಸ. ಪಿರಮಿಡ್ಡು, ನೈಲ್ ನದಿಯಲ್ಲಿ ದೋಣಿ, ಕೊನೆಗೆ ‘ಮರುಭೂಮಿ ಸಾಹಸ’. ಅಂದರೆ ಜೀಪಿನಲ್ಲಿ ಹೋಗಿ ರೋಮನ್ನರ ಕಾಲದ ಪಾಳು ಕೋಟೆಗಳನ್ನು ನೋಡುವುದು, ರಾತ್ರಿ ಡೇರೆಯಲ್ಲಿ ಮಲಗುವುದು, ಬೆಳಿಗ್ಗೆ ಕೆಂಪು ಸಮುದ್ರದ ದಡ ಸೇರುವುದು. ತಲೆಗೆ ಬೀಳುವ ಖರ್ಚು ನೋಡಿ ಗ್ರೂಪಿನಲ್ಲಿ ಒಬ್ಬರು, ‘ಈ ದುಡ್ಡಲ್ಲಿ ಹೊಲಕ್ಕೆ ಬೋರ್ ಕೊರೆಸಬಹುದು ಕಣಣ್ಣ’ ಎಂದು ಬರೆದರು. ಎಲ್ಲರೂ ನಕ್ಕರು.

ನಾನೂ ನಕ್ಕೆ. ಹೋಗುವಷ್ಟು ದುಡ್ಡು ನನ್ನ ಹತ್ತಿರವೂ ಇಲ್ಲ. ಆದರೆ ಆ ಕೋಟೆಗಳು ಯಾವುವು, ಮರಳು ಮತ್ತು ಬಂಡೆ ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ ಅವನ್ನು ಯಾಕೆ ಕಟ್ಟಿದರು ಎಂದು ಓದುತ್ತಾ ಹೋದೆ. ಗ್ರೂಪಿನವರು ತಮಾಷೆಗೆ ಹೇಳಿದ ಮಾತೇ ನಿಜವಾಯಿತು. ಆ ಕೋಟೆಗಳ ಕಥೆ ಕೂಡ ಬಾವಿಯ ಕಥೆಯೇ. ಅದರಲ್ಲಿ ನಮ್ಮ ಕಡೆಯ ಪಾಲೂ ಸ್ವಲ್ಪ ಇದೆ.

ಹನ್ನೆರಡು ರಾತ್ರಿಯ ನಡಿಗೆ

ಈಜಿಪ್ಟ್‌ನ ನೈಲ್ ನದಿಗೂ ಕೆಂಪು ಸಮುದ್ರಕ್ಕೂ ನಡುವೆ ಇರುವುದು ಪೂರ್ವ ಮರುಭೂಮಿ. ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟ್ ರೋಮ್ ಸಾಮ್ರಾಜ್ಯದ ಕೈಯಲ್ಲಿತ್ತು. ಭಾರತಕ್ಕೆ ಹೋಗುವ ಹಡಗುಗಳು ಕೆಂಪು ಸಮುದ್ರದ ಎರಡು ಬಂದರುಗಳಿಂದ ಹೊರಡುತ್ತಿದ್ದವು. ದಕ್ಷಿಣಕ್ಕೆ ಬೆರೆನಿಕೆ, ಉತ್ತರಕ್ಕೆ ಮ್ಯೋಸ್ ಹೋರ್ಮೋಸ್. ಜುಲೈ ಹೊತ್ತಿಗೆ ಹೊರಟು, ಮುಂಗಾರಿನ ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದರು. ಮೆಣಸು, ಮುತ್ತು, ಹತ್ತಿ ಬಟ್ಟೆ, ದಂತ ತುಂಬಿಕೊಂಡು ಡಿಸೆಂಬರ್ ಸುಮಾರಿಗೆ ಗಾಳಿ ತಿರುಗಿದಾಗ ವಾಪಸ್ ಹೊರಡುತ್ತಿದ್ದರು.

ಹಡಗು ಇಳಿದ ಸರಕು ಒಂಟೆ ಏರಿ ಮರುಭೂಮಿ ದಾಟಿ, ನೈಲ್ ದಡದ ಕಾಪ್ಟೋಸ್ ಪಟ್ಟಣ ಸೇರಬೇಕು. ಅಲ್ಲಿಂದ ದೋಣಿಯಲ್ಲಿ ಅಲೆಕ್ಸಾಂಡ್ರಿಯ, ಆಮೇಲೆ ರೋಮ್. ಕಾಪ್ಟೋಸ್‌ನಿಂದ ಬೆರೆನಿಕೆಗೆ 257 ರೋಮನ್ ಮೈಲಿ, ಅಂದರೆ ಸುಮಾರು 380 ಕಿಲೋಮೀಟರ್ ಎಂದು ಆ ಕಾಲದ ಲೇಖಕ ಪ್ಲಿನಿ ಬರೆದಿದ್ದಾನೆ. ಹನ್ನೆರಡು ದಿನದ ದಾರಿ. ಬಿಸಿಲು ತಾಳಲಾಗದೆ ಹೆಚ್ಚಾಗಿ ರಾತ್ರಿಯೇ ನಡೆಯುತ್ತಿದ್ದರು, ಹಗಲು ನೀರಿರುವ ತಂಗುದಾಣದಲ್ಲಿ ಕಳೆಯುತ್ತಿದ್ದರು. ಒಂದು ತಂಗುದಾಣದಲ್ಲಿ ಎರಡು ಸಾವಿರ ಜನ ತಂಗಬಹುದಿತ್ತು ಎಂದೂ ಅವನು ಹೇಳುತ್ತಾನೆ.

ಇಂದು ಕಾಪ್ಟೋಸ್‌ನ ಹೆಸರು ಕಿಫ್ಟ್. ಅಲ್ಲಿಂದ ಕುಸೈರ್ ಊರಿಗೆ ಹೋಗುವ ಡಾಂಬರು ರಸ್ತೆ, ಹಳೆಯ ಮ್ಯೋಸ್ ಹೋರ್ಮೋಸ್ ದಾರಿಯ ಜೊತೆಜೊತೆಗೇ ಸಾಗುತ್ತದೆ. ಸುಮಾರು 180 ಕಿಲೋಮೀಟರಿನ ಆ ರಸ್ತೆಯ ಪಕ್ಕದಲ್ಲೇ ಪಾಳುಬಿದ್ದ ಠಾಣೆಗಳೂ ಗುಡ್ಡದ ಮೇಲಿನ ಕಾವಲು ಗೋಪುರಗಳೂ ಕಾಣುತ್ತವೆ. ಹಿಂದಿನವರು ದಿನಗಟ್ಟಲೆ ನಡೆದ ದಾರಿಯನ್ನು ಜೀಪು ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ.

ಶಾಸನದಲ್ಲಿ ಯಾರ ಹೆಸರು?

ಇಲ್ಲಿಯ ಕೋಟೆಗಳು ರಾಜರ ಕೋಟೆಗಳಲ್ಲ. ಚಚ್ಚೌಕದ ಕಲ್ಲಿನ ಗೋಡೆ, ಒಳಗೆ ಸುತ್ತಲೂ ಸಣ್ಣ ಕೋಣೆಗಳು, ನಡುವೆ ದೊಡ್ಡ ಬಾವಿ, ಪಕ್ಕದಲ್ಲಿ ನೀರು ತುಂಬಿಡುವ ತೊಟ್ಟಿಗಳು. ಬಾವಿಯನ್ನು ಕಾಯಲು ಕಟ್ಟಿದ ಠಾಣೆ ಎಂದರೆ ಸರಿ.

ಬೆರೆನಿಕೆಗೆ ಹತ್ತಿರದ ಸಿಕೆಟ್ ಎಂಬಲ್ಲಿ ಒಂದು ಲ್ಯಾಟಿನ್ ಶಾಸನ ಸಿಕ್ಕಿದೆ. ಕಾಲ ಕ್ರಿ.ಶ. 76–77. ಈಜಿಪ್ಟ್‌ನ ರಾಜ್ಯಪಾಲ ಲೂಸಿಯಸ್ ಜೂಲಿಯಸ್ ಉರ್ಸಸ್ ಬೆರೆನಿಕೆಯಿಂದ ಹಿಂದಿರುಗುವಾಗ ಇಲ್ಲಿ ನೀರು ಹುಡುಕಲು ಹೇಳಿದ, ನೀರು ಸಿಕ್ಕ ಮೇಲೆ ಠಾಣೆ ಮತ್ತು ತೊಟ್ಟಿ ಕಟ್ಟಿಸಲು ಆಜ್ಞೆ ಮಾಡಿದ ಎಂಬುದು ಅದರ ಸಾರಾಂಶ.

ಸರ್ಕಾರಕ್ಕೆ ಇದರಲ್ಲಿ ಲಾಭವಿತ್ತು. ಭಾರತದಿಂದ ಬಂದ ಸರಕಿನ ಬೆಲೆಯಲ್ಲಿ ನಾಲ್ಕನೇ ಒಂದು ಭಾಗ ತೆರಿಗೆಗೆ ಹೋಗುತ್ತಿತ್ತು. ಬಾವಿ ಇಲ್ಲದಿದ್ದರೆ ಒಂಟೆ ಬರುವುದಿಲ್ಲ, ಒಂಟೆ ಬರದಿದ್ದರೆ ತೆರಿಗೆಯೂ ಇಲ್ಲ.

ಶಾಸನದಲ್ಲಿ ಆಜ್ಞೆ ಮಾಡಿದವನ ಹೆಸರಿದೆ, ಬಂಡೆ ಒಡೆದು ಬಾವಿ ತೋಡಿದ ಕೂಲಿಯವನ ಹೆಸರಿಲ್ಲ. ನಮ್ಮೂರ ನೀರಿನ ಟ್ಯಾಂಕಿನ ಮೇಲಿನ ಉದ್ಘಾಟನೆ ಫಲಕ ನೋಡಿದವರಿಗೆ ಇದು ಹೊಸದೇನಲ್ಲ.

ತಿಪ್ಪೆ ಬಿಟ್ಟುಕೊಟ್ಟ ಕಾಗದ

ಆ ಸಣ್ಣ ಜನರ ಹೆಸರು ಸಿಕ್ಕಿದ್ದು ತಿಪ್ಪೆಯಲ್ಲಿ. ಠಾಣೆಯ ಬಾಗಿಲಾಚೆ ಸೈನಿಕರು ಕಸ ಸುರಿಯುತ್ತಿದ್ದ ರಾಶಿಗಳನ್ನು ಪುರಾತತ್ವದವರು ಪದರ ಪದರವಾಗಿ ಅಗೆದು ಜರಡಿ ಹಿಡಿದರು. ಒಡೆದ ಮಡಕೆಯ ಚೂರುಗಳ ಮೇಲೆ (ನಮ್ಮ ಕಡೆ ಬೋಕಿ ಅನ್ನುತ್ತೇವಲ್ಲ, ಅದೇ) ಶಾಯಿಯಲ್ಲಿ ಬರೆದ ಬರಹಗಳು ಸಾವಿರಗಟ್ಟಲೆ ಸಿಕ್ಕವು. ದಿನದ ಲೆಕ್ಕಕ್ಕೂ ಓಲೆಗೂ ಪಪೈರಸ್ ದುಬಾರಿ, ಬೋಕಿ ಬಿಟ್ಟಿ. ಮಳೆ ಅಪರೂಪವಾದ್ದರಿಂದ ಶಾಯಿ ಅಳಿಸಿಹೋಗಲಿಲ್ಲ.

ಅವುಗಳಲ್ಲಿ ಇರುವುದು ಮನೆಮಾತು. ತರಕಾರಿ ಕಳಿಸಿದ್ದೇನೆ, ಮುಟ್ಟಿತೇ? ಕುದುರೆಗೆ ಬಾರ್ಲಿ ಕಳಿಸು. ಮೈಗೆ ಹುಷಾರಿಲ್ಲ. ಅವರನ್ನು ಕೇಳಿದೆ ಎಂದು ಹೇಳು. ಇಂಥ ವಿಷಯಗಳೇ ಮತ್ತೆ ಮತ್ತೆ ಬರುತ್ತವೆ.

ಇದೇ ಮರುಭೂಮಿಯ ಉತ್ತರ ಭಾಗದಲ್ಲಿ ಮಾನ್ಸ್ ಕ್ಲಾಡಿಯಾನಸ್ ಎಂಬ ಕಲ್ಲುಗಣಿ ಇದೆ. ರೋಮ್‌ನ ಪ್ರಸಿದ್ಧ ಪ್ಯಾಂಥಿಯಾನ್ ದೇವಾಲಯದ ಮುಂದಿನ ಬೂದುಬಣ್ಣದ ಕಂಬಗಳು ಹೋದದ್ದು ಇಲ್ಲಿಂದ. ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬರಹದ ಚೂರುಗಳು ಸಿಕ್ಕಿವೆ. ಒಂದರಲ್ಲಿ ನೀರು ಹಂಚಿಕೆಯ ಪಟ್ಟಿ ಇದೆ: ಒಟ್ಟು 917 ಜನ. ಸ್ಥಳೀಯ ಕೆಲಸಗಾರರ ಸಂಬಳ ತಿಂಗಳಿಗೆ 47 ದ್ರಾಕ್ಮ ಮತ್ತು ಗೋಧಿ ಎಂದೂ ಈ ಚೂರುಗಳಿಂದಲೇ ತಿಳಿದದ್ದು.

ಭಯದ ಸುದ್ದಿಯೂ ಇದೆ. ಕ್ರೊಕೊಡಿಲೊ ಠಾಣೆಯಲ್ಲಿ ಸಿಕ್ಕ ಒಂದು ಬರಹದ ಪ್ರಕಾರ, ಕ್ರಿ.ಶ. 118ರ ಮಾರ್ಚ್‌ನಲ್ಲಿ ಅರವತ್ತು ಜನರ ಗುಂಪೊಂದು ಪಟ್ಕೂವಾ ಎಂಬ ಠಾಣೆಯ ಮೇಲೆ ಬಿತ್ತು. ಸೈನಿಕರು ರಾತ್ರಿಯವರೆಗೂ ಹೊಡೆದಾಡಿದರು. ದಾಳಿ ಮಾಡಿದವರು ಒಬ್ಬ ಹೆಂಗಸನ್ನೂ ಮಕ್ಕಳನ್ನೂ ಹಿಡಿದುಕೊಂಡು ಹೋದರು. ದಾಳಿ ಮಾಡಿದವರು ಮರುಭೂಮಿಯ ಮೂಲ ಅಲೆಮಾರಿ ಜನ. ರೋಮನ್ನರು ಅವರನ್ನು ‘ಅನಾಗರಿಕರು’ ಎಂದು ಬರೆದರು. ಬಾವಿ ಕಾಯ್ದವರ ಮಾತು ನಮಗೆ ಸಿಕ್ಕಿದೆ, ಆ ಅಲೆಮಾರಿಗಳ ಕಡೆಯ ಮಾತು ಯಾವ ಚೂರಿನಲ್ಲೂ ಇಲ್ಲ.

ದಾರಿಯ ಸುಂಕ

ಕಾಪ್ಟೋಸ್‌ನಲ್ಲಿ ಕ್ರಿ.ಶ. 90ರ ಒಂದು ಕಲ್ಲು ಸಿಕ್ಕಿದೆ. ನಮ್ಮ ಟೋಲ್ ಗೇಟಿನ ದರಪಟ್ಟಿಯ ಹಾಗೆ, ಮರುಭೂಮಿ ದಾರಿಗೆ ಯಾರು ಎಷ್ಟು ಕೊಡಬೇಕು ಎಂದು ಅದರಲ್ಲಿ ಕೊರೆದಿದ್ದಾರೆ. ನಾವಿಕನಿಗೆ 5 ದ್ರಾಕ್ಮ, ಕುಶಲಕರ್ಮಿಗೆ 8, ಸೈನಿಕನ ಹೆಂಡತಿಗೆ 20, ಹಡಗಿನ ಕಂಬಕ್ಕೆ 20. ವೇಶ್ಯಾವೃತ್ತಿಗೆ ಕರೆದೊಯ್ಯುವ ಹೆಂಗಸಿಗೆ 108 ದ್ರಾಕ್ಮ.

ಕಲ್ಲುಗಣಿಯ ಕೆಲಸಗಾರನ ಎರಡು ತಿಂಗಳ ಸಂಬಳ ಸೇರಿಸಿದರೂ 94 ದ್ರಾಕ್ಮ, ಆ ಒಂದು ಚೀಟಿಗೆ ಸಾಲದು. ಅಷ್ಟು ಕೊಟ್ಟು ಕರೆದೊಯ್ದವರು ಅದನ್ನು ಯಾರ ಮೈಯಿಂದ ವಸೂಲಿ ಮಾಡಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಠಾಣೆಯ ಬೋಕಿಗಳಲ್ಲಿ ಹೆಂಗಸರನ್ನು ತಿಂಗಳ ಬಾಡಿಗೆಗೆ ಕಳಿಸಿದ ಲೆಕ್ಕಗಳೂ ಇವೆ. ರೋಮ್‌ನ ಊಟಕ್ಕೆ ಮೆಣಸಿನ ಘಮ ಕೊಟ್ಟ ದಾರಿಯಲ್ಲಿ ಇದೂ ನಡೆಯುತ್ತಿತ್ತು.

ನಮ್ಮ ಪಾಲು

ಇನ್ನು ಆ ದಾರಿಯ ಕೊನೆಯಲ್ಲಿರುವ ಬೆರೆನಿಕೆ ಬಂದರಿಗೆ ಹೋಗೋಣ. ಅಲ್ಲಿ 1994ರಿಂದ ಉತ್ಖನನ ನಡೆದಿದೆ. ಒಂದು ದೇವಾಲಯದ ಅಂಗಳದಲ್ಲಿ ಭಾರತದಲ್ಲಿ ಮಾಡಿದ ದೊಡ್ಡ ಹರವಿ ಸಿಕ್ಕಿತು. ಒಳಗೆ ಏಳೂವರೆ ಕಿಲೋದಷ್ಟು ಕರಿಮೆಣಸು ಹಾಗೇ ಇತ್ತು. 2022ರಲ್ಲಿ ಅಮೃತಶಿಲೆಯ ಬುದ್ಧನ ಮೂರ್ತಿ ಸಿಕ್ಕಿತು. ಮೂರನೇ ಶತಮಾನದ ಒಂದು ಸಂಸ್ಕೃತ ಶಾಸನವೂ ಶಾತವಾಹನ ರಾಜರ ಎರಡು ನಾಣ್ಯಗಳೂ ಸಿಕ್ಕಿವೆ.

ಶಾತವಾಹನರು ಎಂದರೆ ನಮಗೆ ದೂರದವರಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವರ ಕಾಲದ ಕುರುಹುಗಳಿವೆ. ಅವರ ನಾಣ್ಯ ಈಜಿಪ್ಟ್‌ಗೆ ಹೋದಂತೆ ರೋಮನ್ನರ ನಾಣ್ಯ ಇಲ್ಲಿಗೆ ಬಂದಿದೆ. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ ಇಂಥವು ನೂರಕ್ಕೂ ಹೆಚ್ಚು ಸಿಕ್ಕವು.

ಕನ್ನಡ ಶಾಲೆಗಳಲ್ಲಿ ಓದಿದ ಕೆಲವರಿಗೆ ‘ಗ್ರೀಕ್ ಪ್ರಹಸನ’ ನೆನಪಿರಬಹುದು. ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡ ಚಾರಿಟಿಯಾನ್ ಎಂಬ ಗ್ರೀಕ್ ಹುಡುಗಿಯ ಕಥೆ ಅದು. ಆ ನಾಟಕದ ಪಪೈರಸ್ ಸಿಕ್ಕಿದ್ದೂ ಈಜಿಪ್ಟ್‌ನ ಆಕ್ಸಿರಿಂಕಸ್ ಊರಿನ ತಿಪ್ಪೆಯಲ್ಲೇ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡ ಎಂದು ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನಮ್ಮ ಭಾಷೆಯ ಬಗ್ಗೆ ಈ ಚರ್ಚೆ ಹುಟ್ಟಿದ್ದಕ್ಕೂ ಆ ತಿಪ್ಪೆಯನ್ನು ಯಾರೂ ಮೊದಲೇ ಕೆದರಿ ಹಾಳು ಮಾಡದೆ ಇದ್ದದ್ದು ಕಾರಣ.

ಈಗ ಆಗುತ್ತಿರುವುದು

ಈಗ ಆ ಭಾಗ್ಯ ಉಳಿದಿಲ್ಲ. ಕಳೆದ ಹದಿನೈದು ವರ್ಷಗಳಿಂದ ಪೂರ್ವ ಮರುಭೂಮಿಯಲ್ಲಿ ಚಿನ್ನ ಹುಡುಕುವವರ ಕಾಟ ಹೆಚ್ಚಾಗಿದೆ. ಲೋಹ ಪತ್ತೆ ಯಂತ್ರ ಹಿಡಿದು, ಕೆಲವು ಕಡೆ ಬುಲ್ಡೋಜರ್ ತಂದು, ಹಳೆಯ ನೆಲೆಗಳನ್ನು ಅಗೆದು ಹಾಕಿದ್ದಾರೆ. ಅಗೆಯುವವನಿಗೆ ಬೋಕಿ ಬರಿ ಕಸ. ಗೋಡೆ ಬಿದ್ದರೆ ನಕ್ಷೆ ನೋಡಿ ಮತ್ತೆ ಕಟ್ಟಬಹುದು. ತಿಪ್ಪೆ ಕಲಸಿಹೋದರೆ ಯಾವ ಚೂರು ಯಾವ ಕಾಲದ್ದು ಎಂಬುದೇ ಹೋಗುತ್ತದೆ. ರಾಜ್ಯಪಾಲನ ಹೆಸರು ಕಲ್ಲಿನ ಮೇಲೆ ಉಳಿದೀತು. ತರಕಾರಿ ಕೇಳಿದ ಸೈನಿಕನ ಹೆಸರು ಉಳಿಯುವುದಿಲ್ಲ.

ನಮ್ಮಲ್ಲೂ ನಿಧಿ ಆಸೆಗೆ ಹಳೇ ದೇವಸ್ಥಾನ ಅಗೆಯುವ ಸುದ್ದಿ ನಾನು ವರದಿಗಾರನಾಗಿ ಎಷ್ಟೋ ಸಲ ಬರೆದಿದ್ದೇನೆ. ಪಾಯ ತೋಡುವಾಗ, ಉಳುವಾಗ ಹಳೆಯ ನಾಣ್ಯ ಸಿಕ್ಕರೆ ಕರಗಿಸಬೇಡಿ, ಉಜ್ಜಿ ತೊಳೆಯಲೂ ಬೇಡಿ. ಸಿಕ್ಕ ಜಾಗ ಗುರುತು ಮಾಡಿ ಫೋಟೊ ತೆಗೆದಿಟ್ಟು, ತಹಶೀಲ್ದಾರ್ ಕಚೇರಿಯ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ. ಕಾನೂನು ಹೇಳುವುದೂ ಅದನ್ನೇ. ಸುತ್ತ ಬಿದ್ದ ಬೋಕಿಗಳನ್ನು ಅಲ್ಲೇ ಬಿಡಿ. ನಾಣ್ಯದಷ್ಟೇ ವಿಷಯ ಅವುಗಳಲ್ಲೂ ಇರುತ್ತದೆ.

ನಮ್ಮ ಗ್ರೂಪಿನಿಂದ ಆ ಪ್ರವಾಸಕ್ಕೆ ಯಾರೂ ಹೆಸರು ಕೊಡಲಿಲ್ಲ. ನಿಮ್ಮಲ್ಲಿ ಯಾರಾದರೂ ಮುಂದೆ ಹೋದರೆ, ಕೋಟೆ ಬಾಗಿಲಲ್ಲಿ ಫೋಟೊ ತೆಗೆಸಿಕೊಂಡ ಮೇಲೆ ಹೊರಗಿನ ಕಸದ ದಿಬ್ಬವನ್ನೂ ಒಮ್ಮೆ ನೋಡಿ ಬನ್ನಿ. ಮೇಲೆ ಹತ್ತಬೇಡಿ, ಚೂರು ಎತ್ತಿ ಜೇಬಿಗೆ ಹಾಕಿಕೊಳ್ಳಬೇಡಿ. ಅಲ್ಲಿ ಇನ್ನೂ ಯಾರೂ ಓದದ ಓಲೆಗಳಿರಬಹುದು.