ಸ್ವರಗಳ ನಡುವಿನ ಜಾರು

ಹಾರ್ಮೋನಿಯಂನಲ್ಲಿ ಸ ಒತ್ತಿ, ಆಮೇಲೆ ರಿ ಒತ್ತಿ ನೋಡಿ. ನಡುವೆ ಏನೂ ಇಲ್ಲ. ನಮ್ಮ ರಾಗಗಳ ಜೀವ ಇರೋದೇ ಆ ನಡುವಿನ ಜಾಗದಲ್ಲಿ. ಹಿಂದೂಸ್ತಾನಿಯವರು ಅದನ್ನ ಮೀಂಡ್ ಅಂತಾರೆ, ಕರ್ನಾಟಕ ಸಂಗೀತದವರು ಜಾರು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಕ್ಕೆ ಈ ಕೊರತೆಯೂ ಒಂದು ಕಾರಣ. 1971ರವರೆಗೂ ಅದಕ್ಕೆ ಒಳಗೆ ಪ್ರವೇಶವಿರಲಿಲ್ಲ.

ಕೀಲಿಮಣೆಗೆ ಜಾರೋದನ್ನ ಕಲಿಸಿದ್ದು ಸಿಂಥಸೈಜರ್. 1970ರ ಮಿನಿಮೂಗ್‌ನಲ್ಲೇ ಗ್ಲೈಡ್ ಇತ್ತು. ಜಪಾನಿನ ರೋಲಂಡ್ ಕಂಪನಿ ಬಾಸ್ ಗಿಟಾರಿನ ಬದಲಿಗೆಂದು ತಂದ ಟಿಬಿ-303ರಲ್ಲಿ ಸ್ಲೈಡ್ ಹಾಕಿದರೆ ಒಂದು ಸ್ವರ ಕಡಿಯದೆ ಮುಂದಿನದಕ್ಕೆ ಜಾರುತ್ತಿತ್ತು. ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಅದನ್ನಿಟ್ಟುಕೊಂಡು ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ಕೂರಿಸಿದರು. ರೆಕಾರ್ಡ್ ಆಗ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ ಕೇಳಿದವರು ಬೆರಗಾದರು. ಷಿಕಾಗೋದಲ್ಲಿ ಇದೇ ಯಂತ್ರದಿಂದ ಆಸಿಡ್ ಹೌಸ್‌ನ ಮೊದಲ ರೆಕಾರ್ಡುಗಳು ಬಂದದ್ದು 1987ರ ಹೊತ್ತಿಗೆ!

ಅವರಿಗೆ ಸಿಕ್ಕ ಸ್ಲೈಡಿಗೆ ಒಂದೇ ಅಳತೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಗ್ಲೈಡ್ ಟೈಮ್ ಬೇಕಾದಷ್ಟು ಬದಲಿಸಬಹುದು: ಮೋನೋ ಮೋಡಿಗೆ ಹಾಕಿ, ಒಂದು ನೋಟಿನ ಬಾಲವನ್ನ ಮುಂದಿನದರ ಮೇಲೆ ಸ್ವಲ್ಪ ಎಳೆದರಾಯ್ತು. ಎಲ್ಲಿ ಜಾರಬೇಕು, ಎಷ್ಟು ನಿಧಾನಕ್ಕೆ ಅನ್ನೋದನ್ನ ಮಾತ್ರ ರಾಗ ಕೇಳಿಯೇ ಕಲೀಬೇಕು.