ಜಾರುವ ತೋಳಿಗೊಂದು ಗೂಟ

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರಿನಷ್ಟೇ ಮುಖ್ಯವಾದುದು ಕುಸ್ತಿ. ಬೈಲಹೊಂಗಲ, ಸವದತ್ತಿಗಳ ಸೀಮೆಯ ಮುರಗೋಡವನ್ನು ನಾಡು ಬಲ್ಲದ್ದು ಮಹಾಂತಜ್ಜನ ಹೆಸರಿನಿಂದ, ಚಿದಂಬರ ದೀಕ್ಷಿತರ ಹೆಸರಿನಿಂದ. ಆದರೆ ಈ ಸೀಮೆಯ ಎರೆಹೊಲಗಳಲ್ಲಿ ಹತ್ತಿ, ಜೋಳಗಳು ಬೆಳೆಯುವಂತೆ ಗರಡಿಯ ಕೆಮ್ಮಣ್ಣಿನಲ್ಲಿ ಪೈಲ್ವಾನರೂ ಬೆಳೆಯುತ್ತ ಬಂದಿದ್ದಾರೆ. ಅವರ ಬಾಯಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: ‘ತೋಳು ಜಾರಿತು.’ ಮೊದಲನೆಯ ಸಲ ಜಾರುವುದು ಪಟ್ಟು ಬಿಡಿಸಿಕೊಳ್ಳುವಾಗ. ಎಲುಬು ಕೂಡಿಸುವವರು ಬಂದು ಕೂಡಿಸುತ್ತಾರೆ. ಎರಡನೆಯ ಸಲ ಜಾರುವುದು ಕಾಳಿನ ಚೀಲ ಎತ್ತುವಾಗ. ಆಮೇಲೆ ಮಲಗಿದಲ್ಲೇ ಮಗ್ಗುಲು ಹೊರಳಿಸಿದರೂ ಜಾರುವುದುಂಟು. ಹೀಗೆ ಇಪ್ಪತ್ತೈದರ ಒಳಗೇ ಗರಡಿ ಬಿಟ್ಟವರನ್ನು ನಾನು ಈ ಭಾಗದಲ್ಲಿ ಒಬ್ಬಿಬ್ಬರನ್ನಲ್ಲ, ಹಲವರನ್ನು ಕಂಡಿದ್ದೇನೆ. ಕುಸ್ತಿ ಹೋದರೆ ಹೋಗಲಿ. ಕೂಲಿಯೂ ಅದೇ ತೋಳಿನಿಂದಲೇ ಬರಬೇಕಷ್ಟೆ.

ಈ ತೋಳನ್ನು ನಿಲ್ಲಿಸುವ ಒಂದು ಸಣ್ಣ ಕೈಸಾಧನದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರ ತುದಿಯಲ್ಲಿ ಕೂತಿರುವ ವಸ್ತುವಿಗೆ ವೈದ್ಯರು ಸೂಚರ್ ಆ್ಯಂಕರ್ ಎನ್ನುತ್ತಾರೆ. ಅಂದರೆ ಹೊಲಿಗೆಯ ಲಂಗರು. ಕಡಲು ಕಾಣದ ಸೀಮೆಯವರಾದ ನಾವು ಅದನ್ನು ಗೂಟವೆಂದರೆ ಸಾಕು: ಎಲುಬಿನಲ್ಲಿ ಹುಗಿಯುವ ಗೂಟ, ಅದಕ್ಕೆ ಪೋಣಿಸಿದ ದಾರ.

ಭುಜದ ಕೀಲಿನ ರಚನೆಯನ್ನು ತಿಳಿಯಲು ಅಡಿಗೆಮನೆಯ ಸಿಂಬಿಯನ್ನು ನೆನೆದರಾಯಿತು. ತೋಳಿನ ಎಲುಬಿನ ತಲೆ ಕೊಡದಂತೆ ಗುಂಡಗಿದೆ. ಹೆಗಲೆಲುಬಿನ ಬಟ್ಟಲೋ ತೀರ ಆಳವಿಲ್ಲದ್ದು, ಹೆಚ್ಚುಕಡಿಮೆ ತಟ್ಟೆಯಂತಹುದು. ಆ ತಟ್ಟೆಯ ಅಂಚಿನ ಸುತ್ತ ಮೆತ್ತಗಿನ ಒಂದು ಉಂಗುರವಿದ್ದು, ಕೊಡವನ್ನು ಸಿಂಬಿ ಹಿಡಿದಂತೆ ಗುಂಡನ್ನು ಹಿಡಿದಿಡುತ್ತದೆ. ಕೀಲಿನ ತಂತುಕಟ್ಟುಗಳು ಇದಕ್ಕೇ ಬಂದು ಅಂಟಿಕೊಂಡಿರುತ್ತವೆ. ತೋಳು ಮುಂದಕ್ಕೆ ಜಾರಿದಾಗ, ಅದರಲ್ಲೂ ತರುಣರಲ್ಲಿ, ಬಹಳ ಸಲ ಈ ಸಿಂಬಿಯ ಮುಂಭಾಗ ಎಲುಬಿನಿಂದ ಕಿತ್ತುಬರುತ್ತದೆ. ತೋಳನ್ನು ಮತ್ತೆ ಕೂಡಿಸಿದರೂ ಕಿತ್ತ ಸಿಂಬಿ ತನ್ನ ಜಾಗಕ್ಕೆ ಸರಿಯಾಗಿ ಕೂಡುವುದು ಅಪರೂಪ. ಒಂದು ಕಡೆ ಸಿಂಬಿ ಇಲ್ಲದ ಕೊಡ ಆ ಕಡೆಗೇ ಉರುಳುವುದರಲ್ಲಿ ಆಶ್ಚರ್ಯವೇನು?

ತೋಳು ಕೂಡಿಸುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಜಾರಿದ ಭುಜಕ್ಕೆ ಕಂಕುಳಲ್ಲಿ ಒನಕೆ ಕೊಟ್ಟು ಎತ್ತಬೇಕೆಂದು ಹೇಳಿದೆ; ಸ್ಥಾನಕ್ಕೆ ಬಂದ ಮೇಲೆ ಅಡ್ಡಡ್ಡ ಸುತ್ತುವ ಸ್ವಸ್ತಿಕವೆಂಬ ಕಟ್ಟು ಹಾಕಬೇಕೆಂದಿದೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಹೊಲಿಗೆಯ ವಿಚಾರವೂ ಉಂಟು. ಮಾಂಸ ಕಡಿಮೆಯಿರುವಲ್ಲಿ ಮತ್ತು ಸಂಧಿಗಳಲ್ಲಿ ಎರಡಂಗುಲದ ದುಂಡು ಸೂಜಿ. ಮಾಂಸಲವಾದಲ್ಲಿ ಮೂರಂಗುಲದ ಮುಮ್ಮೂಲೆ ಸೂಜಿ. ಮರ್ಮಸ್ಥಾನಗಳಿಗೂ ಹೊಟ್ಟೆಗೂ ಬಿಲ್ಲಿನಂತೆ ಬಾಗಿದ ಸೂಜಿ. ದಾರಕ್ಕೆ ಮರದ ತೊಗಟೆಯ ನಾರು, ಸೆಣಬು, ಅಗಸೆಯ ನಾರು, ಪ್ರಾಣಿಯ ನರ, ಕೂದಲು. ಹೊಲಿಗೆ ಅಂಚಿನಿಂದ ತೀರ ದೂರವಾದರೆ ನೋವು, ತೀರ ಸಮೀಪವಾದರೆ ಹರಿತ ಎಂಬ ಎಚ್ಚರಿಕೆಯೂ ಇದೆ. ಇಷ್ಟು ಬಲ್ಲವರಿಗೆ ಹೊಲಿಗೆಯಲ್ಲಿ ಕಲಿಯಬೇಕಾದುದು ಕಡಿಮೆಯೇ ಇದ್ದಿತು.

ಆದರೂ ಒನಕೆಯ ಅಧ್ಯಾಯವೂ ಸೂಜಿಯ ಅಧ್ಯಾಯವೂ ಒಂದೇ ಗ್ರಂಥದಲ್ಲಿದ್ದು ಪರಸ್ಪರ ಭೇಟಿಯಾಗಲಿಲ್ಲ. ಕಾರಣ ಸ್ಪಷ್ಟವೇ ಇದೆ. ಜಾರಿದ ತೋಳಿಗೆ ಹೊರಗೆ ಗಾಯವಿಲ್ಲ. ಹರಿದದ್ದು ಕಣ್ಣಿಗೆ ಕಾಣದು. ಕಂಡರೂ ಅದನ್ನು ಹೊಲಿಯಬೇಕಾದುದು ಎಲುಬಿಗೆ, ಮತ್ತು ಎಲುಬು ಸೂಜಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗ್ರೀಸಿನ ಹಿಪೊಕ್ರಟೀಸನ ಪರಂಪರೆಯಲ್ಲಿ ಪದೇ ಪದೇ ಜಾರುವ ತೋಳಿಗೆ ಕಂಕುಳಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಸುಟ್ಟ ಜಾಗ ಬಿಗಿದುಕೊಂಡು ಗುಂಡು ಹೊರಬೀಳುವ ದಾರಿ ಮುಚ್ಚೀತೆಂಬುದು ಅವರ ಎಣಿಕೆ. ಕ್ರೂರವೆನಿಸಿದರೂ ಅವರು ಒಂದನ್ನು ಗುರುತಿಸಿದ್ದರು: ಕೂಡಿಸುವುದು ಬೇರೆ, ಕೂಡಿಸಿದ್ದನ್ನು ನಿಲ್ಲಿಸುವುದು ಬೇರೆ.

ಭುಜವನ್ನು ಬಿಚ್ಚಿ ನೋಡುವ ಧೈರ್ಯ ಬರಬೇಕಾದರೆ ರೋಗಿಗೆ ನೋವಿಲ್ಲದಿರಬೇಕು, ಗಾಯ ಕೀವಾಗದಿರಬೇಕು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರಿನ ಪ್ರಯೋಗವಾಯಿತು. 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ಶುದ್ಧವಾಗಿಡುವ ಕ್ರಮವನ್ನು ಪ್ರಕಟಿಸಿದನು. ಈ ಹೊಸ ಶಸ್ತ್ರವೈದ್ಯ ನಮ್ಮ ಸೀಮೆಯ ಸಮೀಪಕ್ಕೆ ಬಂದದ್ದು ಮಿರಜದ ಮೂಲಕ. ಕೆನಡಾದಿಂದ ಬಂದ ಮಿಶನರಿ ವೈದ್ಯ ವಿಲಿಯಂ ವಾನ್‌ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು. ಕಣ್ಣಿನ ಪೊರೆಗೆ, ಹೊಟ್ಟೆಯ ಗಡ್ಡೆಗೆ ಕನ್ನಡ, ಮರಾಠಿ ಎರಡೂ ಮಾತಿನ ಜನ ಅಲ್ಲಿಗೆ ಹೋದರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾದುದು 1963ರಲ್ಲಿ. ಆದರೆ ತೋಳು ಜಾರಿದವನು ಮಾತ್ರ ಎಲುಬು ಕೂಡಿಸುವವರ ಮನೆಗೇ ಹೋಗುವುದು ರೂಢಿಯಾಗಿ ಉಳಿಯಿತು.

ಕಿತ್ತ ಸಿಂಬಿಯನ್ನು ಎಲುಬಿಗೇ ಹೊಲಿಯಬೇಕೆಂದು ಜರ್ಮನಿಯ ಪೆರ್ಥೆಸ್ 1906ರಲ್ಲಿ ಬರೆದನು. ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ಅದನ್ನೇ ಸ್ವತಂತ್ರವಾಗಿ ಪ್ರತಿಪಾದಿಸಿ, 1938ರಲ್ಲಿ 27 ರೋಗಿಗಳ ಅನುಭವದೊಂದಿಗೆ ಮತ್ತೆ ಬರೆದನು. ಸ್ನಾಯುವನ್ನು ಬಲಪಡಿಸುವುದು, ಕೀಲಿನ ಚೀಲವನ್ನು ಬಿಗಿಯುವುದು ಇವೆಲ್ಲ ಸುತ್ತುದಾರಿ. ಮೂಲ ದೋಷ ಸಿಂಬಿ ಕಿತ್ತುಬಂದದ್ದು, ಅದನ್ನು ಸರಿಪಡಿಸಿರಿ ಎಂಬುದು ಅವನ ವಾದದ ಸಾರ. ಸೂಜಿ ಕೊನೆಗೂ ಒನಕೆಯ ಕೆಲಸವನ್ನು ಮುಂದುವರಿಸಲು ಬಂದಿತು.

ಬಂದರೂ ಸುಲಭವಾಗಲಿಲ್ಲ. ಮುಂಭಾಗದ ಸ್ನಾಯುವನ್ನು ಕೊಯ್ದು, ಒಂದು ಬಾವಿಯ ತಳದಂತಹ ಜಾಗದಲ್ಲಿ, ಬಟ್ಟಲಿನ ತೆಳ್ಳನೆಯ ಅಂಚಿನಲ್ಲಿ ತೂತು ಕೊರೆದು, ಒಂದು ಕಡೆ ತೂರಿಸಿದ ದಾರವನ್ನು ಇನ್ನೊಂದು ಕಡೆಯಿಂದ ಹೊರಗೆಳೆಯಬೇಕು. ಅಂಚು ಒಡೆದರೆ ಎಲ್ಲವೂ ವ್ಯರ್ಥ. ಬಟ್ಟೆಗೆ ಗುಂಡಿ ಹೊಲಿಯುವವರಿಗೆ ಗೊತ್ತು: ಸೂಜಿ ಹಿಂದಿನಿಂದ ತಿರುಗಿ ಬರಲು ಆಸ್ಪದವಿಲ್ಲದಲ್ಲಿ ಹೊಲಿಗೆ ಹಾಕುವುದು ಹೇಗೆ? ಇತ್ತ ಟೋಕಿಯೋದ ಕೆಂಜಿ ತಕಾಗಿ 1918ರಲ್ಲಿ ಮೊಣಕಾಲಿನ ಕೀಲಿನೊಳಗೆ ಕೊಳವೆಯಿಟ್ಟು ನೋಡಿದ್ದನು. ಅವನ ಶಿಷ್ಯ ಮಸಾಕಿ ವತಾನಬೆ ಆ ದೂರ್ಬೀನನ್ನು ಬಳಕೆಗೆ ತಕ್ಕಂತೆ ಬೆಳೆಸಿದನು. ಸೀಸದ ಕಡ್ಡಿಯ ದಪ್ಪದ ದಾರಿಯಲ್ಲಿ ಕೀಲಿನ ಒಳಗನ್ನು ಕಾಣುವುದು ಸಾಧ್ಯವಾಯಿತು. ಕಾಣಬಹುದಾದರೂ ಅಷ್ಟು ಕಿರಿದಾದ ದಾರಿಯಲ್ಲಿ ಎಲುಬಿನ ಎರಡೂ ಕಡೆಗೆ ಸೂಜಿ ತಿರುಗಿಸಲಾಗದು.

ಗೂಟದ ಯುಕ್ತಿ ಬಂದದ್ದು ಇಲ್ಲಿ, 1980ರ ದಶಕದಲ್ಲಿ. ದಾರವನ್ನು ಎಲುಬಿನ ಆಚೆ ದಾಟಿಸುವುದೇ ಬೇಡ; ದಾರದ ಬುಡವನ್ನು ಎಲುಬಿನೊಳಗೇ ಸಿಕ್ಕಿಸಿದರೆ ಸಾಕು. ಆರಂಭದ ಗೂಟಗಳಲ್ಲೊಂದು ಟೈಟೇನಿಯಮ್ಮಿನದು. ಅದರ ಪಕ್ಕಕ್ಕೆ ನಿಟಿನಾಲ್ ಎಂಬ ಮಿಶ್ರಲೋಹದ ಕೊಂಡಿಗಳಿದ್ದುವು. ಅಮೆರಿಕದ ನೌಕಾಸೇನೆಯ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಈ ಲೋಹದ ಗುಣವೆಂದರೆ ಬಾಗಿಸಿದರೂ ಬಿಟ್ಟಕೂಡಲೆ ತನ್ನ ಆಕಾರಕ್ಕೆ ಮರಳುವುದು. ತೂತಿನಲ್ಲಿ ಇಳಿಯುವಾಗ ಕೊಂಡಿಗಳು ಮಡಚಿಕೊಂಡು, ಗಟ್ಟಿ ಪದರವನ್ನು ದಾಟಿದೊಡನೆ ಅರಳಿ ಹಿಡಿಯುತ್ತಿದ್ದುವು.

ಇಂತಹ ಸಾಧನವೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಿಡಿಕೆ ತಿರುಪುಳಿಯದರಂತೆ, ಮುಂದೆ ಉದ್ದನೆಯ ತೆಳು ಸಲಾಕೆ, ತುದಿಯಲ್ಲಿ ಗೂಟ. ಗೂಟದ ಅಗಲ ಸುಮಾರು 3 ಮಿಲಿಮೀಟರ್, ಜೋಳದ ಕಾಳಿಗಿಂತ ಚಿಕ್ಕದು. ಅದರಿಂದ ಹೊರಟ ದಾರಗಳು ಸಲಾಕೆಯುದ್ದಕ್ಕೂ ಬಂದು ಹಿಡಿಕೆಯಲ್ಲಿ ಬಿಗಿದುಕೊಂಡಿರುತ್ತವೆ. ಸಲಾಕೆಯ ಮೇಲೊಂದು ಗೆರೆಯಿದೆ. ಆ ಗೆರೆ ಎಲುಬಿನ ಮಟ್ಟಕ್ಕೆ ಬಂದಾಗ ಗೂಟ ತಕ್ಕ ಆಳಕ್ಕೆ ಇಳಿಯಿತೆಂದು ಅರ್ಥ. ಕೂರಿಗೆಯ ಬಟ್ಟಲಿಗೆ ಹಾಕಿದ ಕಾಳು ಕೊಳವೆಯಲ್ಲಿಳಿದು ಒಂದೇ ಆಳದಲ್ಲಿ ಮಣ್ಣು ಸೇರುವುದನ್ನು ಕಂಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ತೂತು, ಆಮೇಲೆ ಗೂಟವನ್ನು ತಟ್ಟುವುದು ಇಲ್ಲವೆ ತಿರುಗಿಸುವುದು, ದಾರ ಸಡಿಲಿಸಿ ಹಿಡಿಕೆಯನ್ನು ಹೊರಗೆಳೆಯುವುದು. ಉಳಿದ ದಾರವನ್ನು ಸಿಂಬಿಯ ಮೂಲಕ ಹಾಯಿಸಿ ಬಿಗಿದರೆ ಅದು ಮತ್ತೆ ತನ್ನ ಅಂಚಿಗೆ ಒತ್ತಿಕೊಳ್ಳುತ್ತದೆ.

ಗೂಟದಲ್ಲೂ ತೊಡಕುಗಳಿದ್ದುವು. ಲೋಹದ ಗೂಟ ಸಡಿಲವಾದರೆ ಕೀಲನ್ನೇ ಉಜ್ಜಿ ಕೆಡಿಸುತ್ತಿದ್ದಿತು. ಕರಗುವ ಗೂಟಗಳು ಬಂದುವು; ಕೆಲವೊಮ್ಮೆ ಅವು ಕರಗುವಲ್ಲಿ ಎಲುಬು ಟೊಳ್ಳಾಗುವುದು ಕಂಡಿತು. ಪ್ಲಾಸ್ಟಿಕ್ ಜಾತಿಯ ಗಟ್ಟಿ ಗೂಟಗಳೂ, ಬರಿಯ ದಾರವನ್ನೇ ಮುದ್ದೆಮಾಡಿ ಗೂಟವಾಗಿಸುವ ಬಗೆಯೂ ಆಮೇಲಿನವು. ಕೀಲಿನೊಳಗೆ ಗಂಟು ಹಾಕುವುದೇ ಕಷ್ಟವೆಂದು ಗಂಟಿಲ್ಲದ ಗೂಟವೂ ಹುಟ್ಟಿತು. ನಮ್ಮ ಕಸೂತಿಯ ಹೆಣ್ಣುಮಕ್ಕಳು ಗಂಟು ಕಾಣಿಸದೆ ಗವಂತಿ, ಮುರ್ಗಿಗಳನ್ನು ಹಾಕಿ, ಸೀರೆಯ ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣುವಂತೆ ಮಾಡುವುದನ್ನು ಬಲ್ಲವರಿಗೆ ಈ ಹಟ ಅರ್ಥವಾದೀತು.

ಈ ಇತಿಹಾಸವನ್ನು ನೋಡುವಾಗ ನನಗೆ ತೋರುವುದು ಇಷ್ಟು. ನಮ್ಮಲ್ಲಿ ಒನಕೆಯ ವಿದ್ಯೆ ಎಷ್ಟು ಚೆನ್ನಾಗಿ ಉಳಿದುಬಂದಿತೆಂದರೆ, ಅದರ ಯಶಸ್ಸೇ ಮುಂದಿನ ಪ್ರಶ್ನೆಯನ್ನು ಮುಚ್ಚಿಬಿಟ್ಟಿತು. ಕಟ್ಟೆಂದು ಸದ್ದಾಗಿ ತೋಳು ಕೂಡಿ, ನೋವು ನಿಂತ ಗಳಿಗೆಯಲ್ಲಿ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ. ಸಿಂಬಿಯ ಗತಿ ಏನಾಯಿತೆಂದು ಕೇಳುವವರಿಲ್ಲ. ಒಂದೊಂದು ಸಲ ಜಾರಿದಂತೆಲ್ಲ ಬಟ್ಟಲಿನ ಎಲುಬಿನ ಅಂಚೂ ಸವೆಯುತ್ತ ಹೋಗುತ್ತದೆ; ಬಹಳ ಸವೆದ ಮೇಲೆ ಗೂಟಕ್ಕೆ ನೆಲೆಯೇ ಉಳಿಯುವುದಿಲ್ಲ, ಬೇರೆ ದೊಡ್ಡ ಶಸ್ತ್ರಕ್ರಿಯೆಯೇ ಬೇಕಾಗುತ್ತದೆ. ಕಾಲಹರಣಕ್ಕೆ ತೋಳು ತೆರುವ ಬೆಲೆ ಇದು.

ಜಾರಿದ ಪ್ರತಿಯೊಂದು ತೋಳಿಗೂ ಗೂಟ ಬೇಕೆಂದು ನಾನು ಹೇಳಲಾರೆ. ವಯಸ್ಸಾದವರಲ್ಲಿ ಪುನಃ ಜಾರುವುದು ಕಡಿಮೆ. ವ್ಯಾಯಾಮದಿಂದಲೇ ಸುಧಾರಿಸುವವರೂ ಉಂಟು. ಗೂಟವೊಂದಕ್ಕೆ ಸಾವಿರಗಟ್ಟಲೆ ರೂಪಾಯಿ; ಒಂದು ಭುಜಕ್ಕೆ ಸಾಮಾನ್ಯವಾಗಿ ಮೂರಾದರೂ ಬೇಕು. ಆಮೇಲೆ ಕೆಲವು ವಾರ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು, ಆರೇಳು ತಿಂಗಳು ಅಖಾಡಕ್ಕೆ ಇಳಿಯದಿರಬೇಕು. ದಿನಗೂಲಿಯ ಮನೆಗೆ ಇದು ಸಣ್ಣ ಮಾತಲ್ಲ. ಆದರೆ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಈ ಶಸ್ತ್ರಕ್ರಿಯೆ ನಡೆಯುತ್ತಿರುವಾಗ, ಅಂಥದೊಂದು ಇದೆ ಎಂಬ ಸುದ್ದಿಯೇ ಗರಡಿಗೆ ಮುಟ್ಟದಿರುವುದು ಖರ್ಚಿಗಿಂತ ದೊಡ್ಡ ನಷ್ಟ.

ಗೂಟದ ಕೆಲಸವೂ ಕೆಲವು ತಿಂಗಳ ಮಟ್ಟಿಗೆ ಮಾತ್ರ. ಅಷ್ಟರಲ್ಲಿ ಸಿಂಬಿ ಎಲುಬಿಗೆ ತಾನಾಗಿ ಬೆಸೆದುಕೊಳ್ಳಬೇಕು. ಆಮೇಲೆ ತೋಳನ್ನು ಹಿಡಿದಿಡುವುದು ದಾರವಲ್ಲ, ದೇಹವೇ. ತೋಳು ಕೂಡಿದ ದಿನ, ಅದು ಇಪ್ಪತ್ತರ ಹುಡುಗನದಾಗಿದ್ದರೆ, ‘ಒಳಗೆ ಏನು ಹರಿದಿದೆ, ಒಮ್ಮೆ ತೋರಿಸಿಕೊಂಡು ಬಾ ತಮ್ಮಾ’ ಎಂದು ವಸ್ತಾದರು ಹೇಳಿ ಕಳಿಸಿದರೆ, ಒನಕೆಯ ವಿದ್ಯೆಗೆ ಅದರಿಂದ ಯಾವ ಕುಂದೂ ಬಾರದು.