ಕ್ಯಾನ್ಸರ್: ವಂಶದಿಂದ ಎಷ್ಟು, ಪರಿಸರದಿಂದ ಎಷ್ಟು?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಉಳಿದವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ‘ಇದು ಮಕ್ಕಳಿಗೂ ಬರುವುದೇ?’ ಎಂಬುದು. ಈ ಭಯದಿಂದಲೇ ಎಷ್ಟೋ ಕುಟುಂಬಗಳು ರೋಗವನ್ನು ನೆಂಟರಿಷ್ಟರಿಂದ ಮುಚ್ಚಿಡುತ್ತವೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಅಂಜುತ್ತವೆ. ಆದರೆ ತಂದೆ-ತಾಯಿಯಿಂದ ಬಂದ ವಂಶವಾಹಿ ದೋಷವೇ ಮುಖ್ಯ ಕಾರಣವಾಗಿರುವುದು ಒಟ್ಟು ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ. 5ರಿಂದ 10ರಷ್ಟರಲ್ಲಿ ಮಾತ್ರ.

ವಂಶವಾಹಿಗಳ ಪಾತ್ರ

ಜೀವಕೋಶಗಳ ವಿಭಜನೆಗೆ ಕೆಲವು ವಂಶವಾಹಿಗಳು ಚಾಲನೆ ನೀಡಿದರೆ, ಕೆಲವು ತಡೆ ಒಡ್ಡುತ್ತವೆ. ಇನ್ನು ಕೆಲವು ಡಿಎನ್‌ಎಗೆ ಆದ ಹಾನಿಯನ್ನು ಸರಿಪಡಿಸುತ್ತವೆ. ಇವುಗಳಲ್ಲಿ ಒಂದರ ಮೇಲೊಂದು ದೋಷ ಸೇರುತ್ತ ಹೋದಾಗ ಕೋಶಗಳು ಅಂಕೆ ಮೀರಿ ಬೆಳೆದು ಗಡ್ಡೆಯಾಗುತ್ತವೆ. ಈ ದೋಷಗಳಲ್ಲಿ ಬಹುಪಾಲು ಹುಟ್ಟಿದ ನಂತರ, ಆಯಾ ಅಂಗದ ಕೋಶಗಳಲ್ಲಿ ಉಂಟಾಗುವಂಥವು. ಅವು ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ವಯಸ್ಸಾದಂತೆ ರೋಗ ಹೆಚ್ಚುವುದಕ್ಕೂ ಇದೇ ಕಾರಣ.

ಹುಟ್ಟಿನಿಂದಲೇ ಬರುವ ದೋಷದ ಬಗೆಯನ್ನು ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ 1971ರಲ್ಲಿ ವಿವರಿಸಿದರು. ಅವರು ಅಧ್ಯಯನ ಮಾಡಿದ್ದು ಮಕ್ಕಳ ಅಕ್ಷಿಪಟಕ್ಕೆ ತಗಲುವ ರೆಟಿನೊಬ್ಲಾಸ್ಟೊಮಾ ಎಂಬ ಕ್ಯಾನ್ಸರನ್ನು. ಪ್ರತಿ ಕೋಶದಲ್ಲಿ ಈ ವಂಶವಾಹಿಯ ಎರಡು ಪ್ರತಿಗಳಿದ್ದು, ಎರಡೂ ಕೆಟ್ಟಾಗಲೇ ಗಡ್ಡೆ ಮೂಡುತ್ತದೆ. ಒಂದು ಕೆಟ್ಟ ಪ್ರತಿಯೊಡನೆ ಹುಟ್ಟಿದ ಮಗುವಿಗೆ ಇನ್ನೊಂದೇ ಪೆಟ್ಟು ಸಾಕು; ಹಾಗಾಗಿ ರೋಗ ಬೇಗ ಬರುತ್ತದೆ, ಹಲವು ವೇಳೆ ಎರಡೂ ಕಣ್ಣುಗಳಿಗೆ ಬರುತ್ತದೆ.

ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ-1 ವಂಶವಾಹಿಯನ್ನು 1994ರಲ್ಲಿ, ಬಿಆರ್‌ಸಿಎ-2 ಅನ್ನು 1995ರಲ್ಲಿ ಪ್ರತ್ಯೇಕಿಸಲಾಯಿತು. ಇವುಗಳಲ್ಲಿ ಹಾನಿಕರ ದೋಷವುಳ್ಳ ಮಹಿಳೆಯರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿಗೆ ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ತಗಲುವ ಸಂಭವವಿದೆ. ದೋಷವು ತಾಯಿಯಿಂದಷ್ಟೇ ಅಲ್ಲದೆ ತಂದೆಯಿಂದಲೂ ಬರಬಹುದು. ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ದೋಷ ಬಂದವರಿಗೆಲ್ಲ ರೋಗ ಬಂದೇ ತೀರುವುದೆಂದೇನೂ ಇಲ್ಲ.

ಪರಿಸರದ ಪಾತ್ರ

ವೈದ್ಯಶಾಸ್ತ್ರದಲ್ಲಿ ‘ಪರಿಸರ’ ಎಂದರೆ ಗಾಳಿ, ನೀರು ಮಾತ್ರವಲ್ಲ. ತಂಬಾಕು, ಮದ್ಯ, ಆಹಾರ, ಸೋಂಕು, ವಿಕಿರಣ, ದುಡಿಮೆಯ ಸ್ಥಳ ಎಲ್ಲವೂ ಅದರಲ್ಲಿ ಸೇರುತ್ತವೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಚಿಮಣಿ ಶುಚಿಗೊಳಿಸುವವರ ವೃಷಣಚೀಲದ ಕ್ಯಾನ್ಸರ್‌ಗೆ ಹೊಗೆಮಸಿ ಕಾರಣವೆಂದು ಗುರುತಿಸಿದ್ದರು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ಪ್ರಕಟಿಸಿದರು. ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ ವೈರಾಣು ಕಾರಣವೆಂದು ತೋರಿಸಿದ ಹೆರಾಲ್ಡ್ ಜುರ್ ಹಾಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಹವಾಯಿ ದ್ವೀಪಕ್ಕೆ ವಲಸೆ ಹೋದ ಜಪಾನೀಯರ ಸಂತತಿಯಲ್ಲಿ ಜಠರದ ಕ್ಯಾನ್ಸರ್ ಇಳಿದು, ಸ್ತನ ಹಾಗೂ ದೊಡ್ಡ ಕರುಳಿನ ಕ್ಯಾನ್ಸರ್ ಏರಿತು. ಒಂದೆರಡು ತಲೆಮಾರಿನಲ್ಲಿ ಬದಲಾದದ್ದು ಬದುಕಿನ ರೀತಿಯೇ ಹೊರತು ವಂಶವಾಹಿಗಳಲ್ಲ.

ಎಲೆಯಡಿಕೆಯ ನಂಟು

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು, ಮದ್ಯ, ಕಲ್ನಾರು ಹಾಗೂ ಬೂಷ್ಟು ಹಿಡಿದ ಕಾಳುಗಳಲ್ಲಿನ ಅಫ್ಲಾಟಾಕ್ಸಿನ್ ಅನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಇರಿಸಿದೆ. 2004ರಲ್ಲಿ ಪ್ರಕಟವಾದ ಅದರ ವರದಿಯು ಅಡಿಕೆಯನ್ನೂ, ತಂಬಾಕು ಬೆರೆಸದ ಎಲೆಯಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇದು ಮನೆಯಂಗಳದ ಸಂಗತಿ. ಅಜ್ಜಿ, ತಾಯಿ, ಮಗ ಮೂವರಿಗೂ ಬಾಯಿ ಕ್ಯಾನ್ಸರ್ ಬಂದರೆ ಅದನ್ನು ವಂಶದ ರೋಗವೆಂದು ಭಾವಿಸುವುದು ಸಹಜ. ಆದರೆ ಅಂಥ ಮನೆಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬಂದದ್ದು ಹಲವು ವೇಳೆ ಎಲೆಯಡಿಕೆಯ ತಟ್ಟೆಯೇ ಆಗಿರುತ್ತದೆ.

ಎಚ್ಚರಿಕೆ ಎಲ್ಲಿ?

ಒಂದೇ ಕಡೆಯ ರಕ್ತಸಂಬಂಧಿಗಳಲ್ಲಿ ಹಲವರಿಗೆ ಸ್ತನ, ಅಂಡಾಶಯ ಅಥವಾ ಕರುಳಿನ ಕ್ಯಾನ್ಸರ್ ಬಂದಿದ್ದರೆ, 50 ವರ್ಷದೊಳಗೆ ರೋಗ ಕಾಣಿಸಿಕೊಂಡಿದ್ದರೆ, ಎರಡೂ ಸ್ತನಗಳಿಗೆ ಅಥವಾ ಪುರುಷರ ಸ್ತನಕ್ಕೆ ಕ್ಯಾನ್ಸರ್ ತಗಲಿದ್ದರೆ ವಂಶವಾಹಿ ದೋಷವನ್ನು ಶಂಕಿಸಬೇಕು. ಇಂಥ ಕುಟುಂಬಗಳು ಆನುವಂಶಿಕ ಸಮಾಲೋಚನೆ ಪಡೆಯುವುದು ಒಳಿತು. ಸಾಧ್ಯವಿದ್ದಲ್ಲಿ ಮೊದಲು ರೋಗಿಯ ರಕ್ತವನ್ನೇ ಪರೀಕ್ಷಿಸಲಾಗುತ್ತದೆ. ದೋಷ ಕಂಡುಬಂದರೆ ಮಕ್ಕಳು, ಒಡಹುಟ್ಟಿದವರು ಸಹ ಪರೀಕ್ಷೆ ಮಾಡಿಸಿಕೊಂಡು, ಎಳೆಯ ವಯಸ್ಸಿನಿಂದಲೇ ನಿಯತ ತಪಾಸಣೆಗೆ ಒಳಗಾಗಬಹುದು. ರೋಗವನ್ನು ಮುಚ್ಚಿಟ್ಟ ಮನೆಯ ಮಗಳಿಗೆ ಈ ಅವಕಾಶವೇ ತಪ್ಪಿಹೋಗುತ್ತದೆ.

ಉಳಿದವರ ಪಾಲಿಗೆ ತಂಬಾಕು, ಅಡಿಕೆ, ಮದ್ಯಗಳಿಂದ ದೂರವಿರುವುದು, ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದು ಮುಖ್ಯ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಗಟ್ಟಲು ಸಾಧ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.